ದೇವಿಮನೆ ಘಟ್ಟದ ಒಂದು ತಿರುವು

ನಾನು ಜೂನಿಯರ್ ಇಂಜಿನಿಯರ್ ಆಗಿ ಶಿರಸಿ-ಕುಮಟಾ ರಸ್ತೆಗೆ ಬಂದಾಗ ಅದು ಇನ್ನೂ ರಾಜ್ಯ ಹೆದ್ದಾರಿ 69. ಕಿಲೋಮೀಟರ್ ಕಲ್ಲುಗಳ ತಲೆಗೆ ಹಸಿರು ಬಣ್ಣ ಇತ್ತು. ಸುಮಾರು 60 ಕಿ.ಮೀ. ದಾರಿ. ಶಿರಸಿ ಬಿಟ್ಟರೆ ಅಮ್ಮಿನಳ್ಳಿ, ರಾಗಿಹೊಸಳ್ಳಿ, ದೇವಿಮನೆ. ಘಟ್ಟ ಇಳಿದರೆ ಕತಗಾಲ, ಮುಂದೆ ಕುಮಟಾ.

ಘಟ್ಟದಲ್ಲಿ ಒಂದು ತಿರುವು ನನಗೆ ಸರಿಬರಲಿಲ್ಲ. ರಸ್ತೆ ಸುಮ್ನೆ ಗುಡ್ಡದ ಒಳಗೆ ಹೋಗಿ ಮತ್ತೆ ಹೊರಗೆ ಬರುತ್ತಿತ್ತು. ಅಂಚು ಕಡಿದು, ಮಣ್ಣು ತುಂಬಿ ತಿರುವನ್ನು ಅಗಲ ಮಾಡಿಸಿದೆ. ರಸ್ತೆ ದುರಸ್ತಿ ಕೆಲಸದ ಹಿರಿಯ ಗ್ಯಾಂಗ್‌ಮನ್ ಒಬ್ಬರು, "ಸರ್, ಇಲ್ಲಿ ಹಳೇ ಮೋರಿ ಉಂಟು, ಅದರ ಬಾಯಿ ಮುಚ್ಚಬೇಡಿ" ಎಂದರು. ಬೇಸಿಗೆಯಲ್ಲಿ ಅಲ್ಲಿ ಹನಿ ನೀರೂ ಇರಲಿಲ್ಲ. ನಾನು ಅವರ ಮಾತು ಕೇಳದೆ, ರಸ್ತೆಯಡಿ ನೀರು ಹೋಗುವ ಆ ಮೋರಿಯ ಬಾಯಿ ಮುಚ್ಚಿಸಿದೆ.

ಜುಲೈ ಮಳೆಗೆ ಗುಡ್ಡದ ನೀರೆಲ್ಲ ರಸ್ತೆ ಮೇಲೆ ಹರಿಯಿತು. ಹೊಸದಾಗಿ ತುಂಬಿದ ಮಣ್ಣು ಕಣಿವೆಗೆ ಜಾರಿತು. ಬಸ್ಸು ನಿಂತವು. ಘಟ್ಟದ ಕೆಳಗಿನ ಆಸ್ಪತ್ರೆಗೆ ಹೊರಟಿದ್ದ ಒಂದು ಕುಟುಂಬ ವಾಪಸ್ ಹೋಗಿದ್ದನ್ನು ನೋಡಿದೆ. ಆ ನೋವು ಇನ್ನೂ ಹೋಗಿಲ್ಲ.

ಆಮೇಲೆ ಈ ದಾರಿಯ ಹಿಂದಿನ ಕಥೆ ಹುಡುಕಿ ಓದಿದೆ. ಇದು ಹತ್ತಿ ಗಾಡಿಗಳ ದಾರಿ. ಧಾರವಾಡದ ಕಡೆ ಬೆಳೆದ ಹತ್ತಿ ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಬರುತ್ತಿತ್ತು, ಅಲ್ಲಿಂದ ಹಡಗಿನಲ್ಲಿ ಮುಂಬೈಗೆ. ಕುಮಟಾದಲ್ಲಿ ಹತ್ತಿ ಬೆಳೆಯದಿದ್ದರೂ ಇಂಗ್ಲೆಂಡಿನ ಮಾರುಕಟ್ಟೆಯಲ್ಲಿ ಅದಕ್ಕೆ 'ಕುಮಟಾ ಹತ್ತಿ' ಎಂದೇ ಹೆಸರು! 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಾಗ ಇಲ್ಲಿಯದಕ್ಕೆ ಬೇಡಿಕೆ ಜಾಸ್ತಿಯಾಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಹತ್ತಿ ವ್ಯಾಪಾರ ಇತ್ತು. 1880ರ ದಶಕದಲ್ಲಿ ಗೋವಾದ ಮಾರ್ಮಗೋವಾ ಬಂದರಿಗೆ ರೈಲು ಬಂದ ಮೇಲೆ ಆ ವ್ಯಾಪಾರ ಕುಮಟಾದ ಕೈತಪ್ಪಿತು.

ಹೊರೆ ಹೊತ್ತ ಗಾಡಿಗೆ ಕಡಿದಾದ ಇಳಿಜಾರು ಆಗುವುದಿಲ್ಲ, ಅಲ್ವಾ? ಎತ್ತು ತಡೆಯಲಾರದು. ಹಾಗಾಗಿ ಇಂಥ ದಾರಿ ಗುಡ್ಡದ ಮೈ ಹಿಡಿದು ನಿಧಾನಕ್ಕೆ ಇಳಿಯಬೇಕು. ಹಳ್ಳ ಸಿಕ್ಕಲ್ಲಿ ಒಳಗೆ ಹೋಗಿ, ಹಳ್ಳ ಕಿರಿದಾಗುವ ಕಡೆ ದಾಟಬೇಕು. ಅಲ್ಲಿ ಸಣ್ಣ ಮೋರಿ ಸಾಕು, ನೀರೂ ತನ್ನ ದಾರಿಯಲ್ಲೇ ಹೋಗುತ್ತದೆ. ನಾನು ಅಗಲ ಮಾಡಿಸಿದ್ದು ಇಂಥದ್ದೇ ಜಾಗ.

ಈಗ ಅದು ರಾಷ್ಟ್ರೀಯ ಹೆದ್ದಾರಿ, ಕಲ್ಲಿನ ತಲೆ ಹಳದಿ. ನಾನು ಬೇರೆ ಕಡೆ ಕೆಲಸದಲ್ಲಿದ್ದೇನೆ. ಹೊಸ ರಸ್ತೆಗೆ ಹೋದರೆ ನಕ್ಷೆ ಬಿಚ್ಚುವ ಮೊದಲು ಮಳೆಗಾಲದಲ್ಲಿ ಒಮ್ಮೆ ಪೂರ್ತಿ ನಡೆಯುತ್ತೇನೆ. ಜೊತೆಗೆ ಅಲ್ಲಿನ ಹಳೇ ಗ್ಯಾಂಗ್‌ಮನ್ ಇರಬೇಕು. ಅವರು ಬೆರಳು ತೋರಿಸಿದ ಪ್ರತಿ ಮೋರಿಯನ್ನೂ ಬರೆದುಕೊಳ್ಳುತ್ತೇನೆ, ಒಣಗಿದ್ದರೂ.