ಅತ್ತೆಯ ಅನೆಕ್ಸ್‌ಗೆ ಕೌನ್ಸಿಲ್ ಟ್ಯಾಕ್ಸ್: 25ಕ್ಕೆ 50 ಕೂಡಿದರೆ 75 ಆಗಲ್ಲ

ಇಂಗ್ಲೆಂಡಿನಲ್ಲಿ ಮನೆಯ ಹಿತ್ತಲಲ್ಲೋ ಗ್ಯಾರೇಜ್ ಪಕ್ಕದಲ್ಲೋ ಅನೆಕ್ಸ್ (ಮನೆಗೆ ಸೇರಿದ ಚಿಕ್ಕ ಮನೆ) ಕಟ್ಟಿಸಿ, ಅದರಲ್ಲಿ ಅಪ್ಪ ಅಮ್ಮನನ್ನೋ ಅತ್ತೆ ಮಾವನನ್ನೋ ಇರಿಸಿಕೊಂಡಿರುವ ಕನ್ನಡದವರು ನನ್ನ ಪರಿಚಯದಲ್ಲೇ ಇದ್ದಾರೆ. ಒಳಗೆ ಸ್ವಂತ ಅಡುಗೆಮನೆ, ಬಚ್ಚಲು, ಮಲಗುವ ಜಾಗ ಎಲ್ಲ ಇದ್ದರೆ ಅದನ್ನು ಬೇರೆ ಮನೆ ಅಂತಲೇ ಲೆಕ್ಕ ಹಾಕಿ ಕೌನ್ಸಿಲ್ ಟ್ಯಾಕ್ಸ್‌ಗೆ, ಅಂದರೆ ಸ್ಥಳೀಯ ಕೌನ್ಸಿಲ್ ಮನೆಗಳ ಮೇಲೆ ಹಾಕುವ ತೆರಿಗೆಗೆ, ಬೇರೆ ಬ್ಯಾಂಡ್ (ತೆರಿಗೆಯ ದರ್ಜೆ) ಕೊಡುತ್ತಾರೆ. ಆಮೇಲೆ ಎರಡನೇ ಬಿಲ್ ಬರುತ್ತದೆ. ಅದನ್ನು ಪೂರ್ತಿ ಕಟ್ಟುತ್ತಾ ಕೂತವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಅನೆಕ್ಸ್‌ನಲ್ಲಿ ಅತ್ತೆ ಒಬ್ಬರೇ ಇದ್ದಾರೆ, ಇನ್ನೂ 65 ಆಗಿಲ್ಲ. ಅಲ್ಲಿ ಖಾಯಂ ಇರುವವರು ಅವರೇ ಆದ್ದರಿಂದ ಬಿಲ್ ಕೂಡ ಅವರ ಹೆಸರಿಗೇ. ಒಂಟಿಯಾಗಿರುವುದಕ್ಕೆ 25% ಕಡಿತ ಸಿಗುತ್ತದೆ. ಅದರ ಜೊತೆಗೆ, ದೊಡ್ಡ ಮನೆಯ ತೆರಿಗೆ ಕಟ್ಟುವವರ ಸಂಬಂಧಿಕರು ಅನೆಕ್ಸ್‌ನಲ್ಲಿದ್ದರೆ 50% ಕಡಿತ ಅಂತ 2014ರ ಏಪ್ರಿಲ್‌ನಿಂದ ಇನ್ನೊಂದು ನಿಯಮ ಇದೆ. ಮದುವೆಯಿಂದ ಬಂದ ಸಂಬಂಧವೂ ಇದಕ್ಕೆ ನಡೆಯುತ್ತದೆ, ಹಾಗಾಗಿ ಅತ್ತೆ ಮಾವನ ವಿಷಯದಲ್ಲಿ ಅನುಮಾನ ಬೇಡ.

ಎರಡೂ ಸೇರಿ 75% ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಲ್ಲ. ಮೊದಲು 25% ತೆಗೆಯುತ್ತಾರೆ, ಉಳಿದದ್ದರಲ್ಲಿ ಅರ್ಧ ತೆಗೆಯುತ್ತಾರೆ. ಉದಾಹರಣೆಗೆ ಬಿಲ್ 1,600 ಪೌಂಡ್ ಇದ್ದರೆ ಮೊದಲು 1,200 ಆಗುತ್ತದೆ, ಆಮೇಲೆ 600. ಅಂದರೆ ಕಟ್ಟಬೇಕಾದ್ದು 37.5%. 400 ಅಂದುಕೊಂಡು ಕೂತವರಿಗೆ ನಿರಾಸೆ ಆಗಬಹುದು, ಆದರೆ ಸಾವಿರ ಪೌಂಡ್ ಉಳಿಯುವುದು ಕಡಿಮೆಯೇನಲ್ಲ, ಅಲ್ವಾ? ಅತ್ತೆ ಮಾವ ಇಬ್ಬರೂ ಇದ್ದರೆ 25% ಹೋಗುತ್ತದೆ, 50% ಮಾತ್ರ ಉಳಿಯುತ್ತದೆ.

65 ತುಂಬಿದ ಮೇಲೆ ಈ ಗುಣಾಕಾರ ಭಾಗಾಕಾರ ಯಾವುದೂ ಬೇಕಿಲ್ಲ. ಕ್ಲಾಸ್ ಡಬ್ಲ್ಯು ಅನ್ನುವ ವಿನಾಯಿತಿಯಲ್ಲಿ ಅನೆಕ್ಸ್‌ನ ತೆರಿಗೆ ಪೂರ್ತಿ ಮಾಫಿ. ಶಾಶ್ವತವಾದ ಗಂಭೀರ ಅಂಗವೈಕಲ್ಯ ಅಥವಾ ತೀವ್ರ ಮಾನಸಿಕ ದುರ್ಬಲತೆ ಇರುವ ಸಂಬಂಧಿಕರಿಗೆ ವಯಸ್ಸಿನ ಲೆಕ್ಕವೂ ಇಲ್ಲ. ಡಿಮೆನ್ಷಿಯಾ ಇರುವ ಹಿರಿಯರನ್ನು ನೋಡಿಕೊಳ್ಳುವವರು ಎಷ್ಟು ಸುಸ್ತಾಗಿರುತ್ತಾರೆ ಅಂದರೆ, ಇಂಥ ಒಂದು ವಿನಾಯಿತಿ ಇದೆ ಅಂತ ಹುಡುಕುವಷ್ಟು ಶಕ್ತಿಯೂ ಅವರಿಗೆ ಇರುವುದಿಲ್ಲ. ಅಂಥವರು ಗೊತ್ತಿದ್ದರೆ ದಯವಿಟ್ಟು ನೀವೇ ಹೇಳಿ.

ದೊಡ್ಡ ಮನೆಯ ಬಿಲ್ ಬೇರೆ, ಅದರ ಕಡಿತವೂ ಬೇರೆ. ಅಲ್ಲಿ ಮಗಳು ಒಬ್ಬಳೇ ಇದ್ದು ಅಮ್ಮ ಅನೆಕ್ಸ್‌ನಲ್ಲಿದ್ದರೆ ಮಗಳ 25% ಹಾಗೇ ಇರುತ್ತದೆ, ಯಾಕೆಂದರೆ ಲೆಕ್ಕಕ್ಕೆ ಅವು ಎರಡು ಮನೆ.

ಊರಿಂದ ವಿಸಿಟರ್ ವೀಸಾದಲ್ಲಿ ಆರು ತಿಂಗಳಿಗೆ ಬಂದು ಹೋಗುವ ಅಪ್ಪ ಅಮ್ಮನ ಕಥೆ ಬೇರೆ. ಅವರ ಮುಖ್ಯ ಮನೆ ಊರಲ್ಲೇ ಇರುವುದರಿಂದ ಕ್ಲಾಸ್ ಡಬ್ಲ್ಯು ಸಿಗುವುದಿಲ್ಲ. ಆದರೆ ಅನೆಕ್ಸನ್ನು ನೀವೇ ನಿಮ್ಮ ಮನೆಯ ಭಾಗವಾಗಿ ಬಳಸುತ್ತಿದ್ದರೆ 50% ಕೇಳಬಹುದು.

ಇದು ಇಂಗ್ಲೆಂಡಿನ ಲೆಕ್ಕ, ಸ್ಕಾಟ್ಲೆಂಡ್ ವೇಲ್ಸ್‌ನಲ್ಲಿರುವವರು ಅಲ್ಲಿನ ನಿಯಮ ನೋಡಿಕೊಳ್ಳಿ. ನೀವು ಹೇಳದೆ ಯಾರೂ ತಾವಾಗಿ ಬಂದು ಕಡಿತ ಕೊಡುವುದಿಲ್ಲ. ಯಾರು ಇದ್ದಾರೆ, ಏನು ಸಂಬಂಧ, ಎಷ್ಟು ವಯಸ್ಸು, ಯಾವತ್ತಿನಿಂದ ಇದ್ದಾರೆ ಅಂತ ಕೌನ್ಸಿಲ್‌ಗೆ ಬರೆದು ಹಾಕಿ, ಹಳೆಯ ದಿನಗಳಿಗೂ ಕೊಡಿ ಅಂತ ಕೇಳಿ. ಆಗಲ್ಲ ಅಂದರೆ, ಅಥವಾ ಎರಡು ತಿಂಗಳಾದರೂ ಉತ್ತರ ಬರದಿದ್ದರೆ, ಇಂಥ ತಕರಾರು ಕೇಳುವ ವ್ಯಾಲ್ಯುಯೇಶನ್ ಟ್ರಿಬ್ಯುನಲ್‌ಗೆ ಹೋಗಬಹುದು. ಅದಕ್ಕೆ ಶುಲ್ಕ ಇಲ್ಲ.