ಬತ್ತಿದ ಹೊಳೆಯಗುಂಟ ತಾಳೆ ಕಣಿವೆಗೆ

ಟಾರು ರಸ್ತೆ ಬಿಟ್ಟು ಮಣ್ಣಿನ ದಾರಿಗೆ ಹೊರಳಿದ ಕೂಡಲೇ ಇವರು ಗಾಡಿ ನಿಲ್ಲಿಸಿ, ಕೆಳಗಿಳಿದು ಮಂಡಿಯೂರಿ ಒಂದೊಂದೇ ಚಕ್ರದ ಗಾಳಿ ಬಿಡತೊಡಗಿದರು. 40ರಲ್ಲಿದ್ದದ್ದು 25ಕ್ಕೆ ಇಳಿಯಬೇಕಿತ್ತು. ಹಿಂದಿನ ಸೀಟಿನಲ್ಲಿದ್ದ ಅಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ, "ದೂರ ಹೋಗೋರು ಗಾಳಿ ಹಾಕಿಸ್ಕಂಡು ಹೋಗೋದು ಕಂಡಿದೀನಿ. ಇದೇನವ್ವ, ಇದ್ದದ್ದನ್ನೂ ಬಿಡ್ತಾವ್ರೆ?" ಎಂದಳು. ಮರಳಲ್ಲಿ ಚಕ್ರ ಅಗಲವಾಗಿ ಹರಡಿಕೊಂಡರೆ ಹೂತುಹೋಗುವುದಿಲ್ಲ ಎಂದು ಹೇಳಿದೆ. "ಒಂಟೆ ಪಾದದಂಗೆ" ಎಂದಳು. ನನಗೆ ಅದು ಹೊಳೆದಿರಲಿಲ್ಲ.

ಅದು ಜುಲೈ ತಿಂಗಳು. ಅಮ್ಮ ಹಿರಿಯೂರಿನಿಂದ ಮೂರು ತಿಂಗಳಿಗೆಂದು ಆಸ್ಟ್ರೇಲಿಯಾದ ಅಡಿಲೇಡಿಗೆ, ನಮ್ಮ ಮನೆಗೆ ಬಂದಿದ್ದಳು. ಸಮುದ್ರ ತೋರಿಸಿಯಾಗಿತ್ತು, ಕಾಂಗರೂ ತೋರಿಸಿಯಾಗಿತ್ತು. ಈ ದೇಶದ ನಟ್ಟನಡುವೆ ಏನಿದೆ ಎಂದು ಅವಳೇ ಒಮ್ಮೆ ಕೇಳಿದಳು. ಆ ಪ್ರಶ್ನೆಯೇ ನಮ್ಮನ್ನು ಆಲಿಸ್ ಸ್ಪ್ರಿಂಗ್ಸ್‌ಗೆ ಕರೆತಂದಿತ್ತು. ಅಲ್ಲಿ ಫೋರ್ ವೀಲ್ ಡ್ರೈವ್ ಗಾಡಿ ಬಾಡಿಗೆಗೆ ಹಿಡಿದು, ಪಶ್ಚಿಮಕ್ಕೆ ಸುಮಾರು 125 ಕಿ.ಮೀ. ದೂರದ ಹರ್ಮನ್ಸ್‌ಬರ್ಗ್ ದಾಟಿ, ಫಿಂಕ್ ಗಾರ್ಜ್ ರಾಷ್ಟ್ರೀಯ ಉದ್ಯಾನದ ದಾರಿ ಹಿಡಿದಿದ್ದೆವು. ಅದರೊಳಗೆ ಪಾಮ್ ವ್ಯಾಲಿ ಎಂಬ ಕಣಿವೆ ಇದೆ. ತಿರುವಿನಿಂದ ಅಲ್ಲಿಗೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಅಷ್ಟೇ. ಒಂದೂವರೆ ಗಂಟೆಗಿಂತ ಹೆಚ್ಚೇ ಹಿಡಿಯಿತು.

ದಾರಿ ಅಂದೆನಲ್ಲ, ಬಹುಪಾಲು ಅದು ಹೊಳೆಯ ಪಾತ್ರವೇ. ಫಿಂಕ್ ನದಿಯನ್ನು ಇಲ್ಲಿಯ ಮೂಲನಿವಾಸಿಗಳಾದ ಪಶ್ಚಿಮ ಅರ್ಂಟೆ ಜನ ಲಾರಪಿಂಟ ಎನ್ನುತ್ತಾರೆ. ಜಗತ್ತಿನ ಅತಿ ಹಳೆಯ ನದಿಗಳಲ್ಲಿ ಇದೂ ಒಂದು ಎನ್ನುವುದುಂಟು. ನೀರು ಮಾತ್ರ ಹರಿಯುವುದು ದೊಡ್ಡ ಮಳೆ ಬಂದಾಗಷ್ಟೇ. ಆಗಲೂ ಸಮುದ್ರ ಸೇರುವುದಿಲ್ಲ, ಸಿಂಪ್ಸನ್ ಮರುಭೂಮಿಯ ಅಂಚಿನಲ್ಲಿ ಮರಳೊಳಗೆ ಇಂಗಿಹೋಗುತ್ತದೆ. ಉಳಿದ ಕಾಲವೆಲ್ಲ ಬಿಳಿ ಮರಳು, ನುಣುಪು ಗುಂಡುಕಲ್ಲು, ಪಾತ್ರದ ನಡುವೆಯೇ ಬೇರು ಬಿಟ್ಟು ನಿಂತ ದೈತ್ಯ ನೀಲಗಿರಿ ಮರಗಳು. ಪ್ರವಾಹ ತಂದ ಕಸಕಡ್ಡಿ ಆ ಕಾಂಡಗಳಿಗೆ ನನ್ನ ತಲೆಗಿಂತ ಎತ್ತರದಲ್ಲಿ ಸುತ್ತಿಕೊಂಡಿತ್ತು.

ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇಲ್ಲೂ ಒರತೆ ತೆಗೀತಿದ್ರೇನೇ?" ಎಂದಳು. ತೆಗೆಯುತ್ತಿದ್ದರು. ಒಣಗಿದ ಹೊಳೆಯಲ್ಲಿ ಎಲ್ಲಿ ಅಗೆದರೆ ನೀರು ಸಿಗುತ್ತದೆ ಎಂಬುದು ಈ ನಾಡಿನ ಜನಕ್ಕೆ ತಲೆಮಾರುಗಳಿಂದ ಗೊತ್ತಿದ್ದ ವಿದ್ಯೆ. ನಾನು ಚಿಕ್ಕವಳಿದ್ದಾಗ ಬೇಸಿಗೆಯಲ್ಲಿ ವೇದಾವತಿಯ ಮರಳಲ್ಲಿ ಅಮ್ಮ ಕೈಯಿಂದಲೇ ಗುಂಡಿ ತೋಡಿ, ತಿಳಿಯಾಗುವವರೆಗೂ ಕಾದು, ಚೊಂಬಿನಿಂದ ಮೊಗೆದು ಬಿಂದಿಗೆ ತುಂಬಿಸುತ್ತಿದ್ದದ್ದು ಕಣ್ಣಮುಂದೆ ಬಂತು. ಒಣ ಹೊಳೆ ಕಂಡು ಬಂದವರೆಲ್ಲ ಇಲ್ಲೇನೂ ಇಲ್ಲ ಎನ್ನುತ್ತಾರೆ. ಅಮ್ಮ ನೀರು ಎಲ್ಲಿರಬಹುದೆಂದು ನೋಡುತ್ತಿದ್ದಳು.

ಉದ್ಯಾನದ ಕ್ಯಾಂಪ್ ಜಾಗದವರೆಗಿನ ದಾರಿ ಕಷ್ಟ ಎಂದುಕೊಂಡಿದ್ದೆವು. ನಿಜವಾದ ಕಷ್ಟ ಇದ್ದದ್ದು ಕೊನೆಯ ನಾಲ್ಕೈದು ಕಿಲೋಮೀಟರಿನಲ್ಲಿ. ಅಲ್ಲಿ ಮರಳು ಮುಗಿದು ಬಂಡೆ ಶುರುವಾಗುತ್ತದೆ. ಕೆಂಪು ಮರಳುಗಲ್ಲಿನ ಹಾಸುಬಂಡೆಗಳು ಮೆಟ್ಟಿಲು ಮೆಟ್ಟಿಲಾಗಿ ನಿಂತಿವೆ, ಗಾಡಿ ಅವನ್ನೇ ಹತ್ತಿಳಿಯಬೇಕು. ಇವರು ಲೋ ರೇಂಜ್ ಗೇರಿಗೆ ಹಾಕಿದರು. ನಾನು ಇಳಿದು ಮುಂದೆ ನಿಂತು, ಯಾವ ಚಕ್ರ ಯಾವ ಕಲ್ಲಿನ ಮೇಲೆ ಬರಬೇಕೆಂದು ಕೈಸನ್ನೆ ಮಾಡಿದೆ. ಒಂದು ಮೆಟ್ಟಿಲಲ್ಲಿ ನನ್ನ ಅಂದಾಜು ತಪ್ಪಿತು. ಎಡಗಡೆಯ ಮುಂದಿನ ಚಕ್ರ ಸಂದಿಗಿಳಿದು, ಗಾಡಿಯ ಹೊಟ್ಟೆ ಬಂಡೆಗೆ ಕರ್ರನೆ ಉಜ್ಜಿತು. ಆ ಸದ್ದು ಕಣಿವೆಯಲ್ಲೆಲ್ಲ ತಿರುಗಿ ಬಂತು. ಫೋನಿಗೆ ಸಿಗ್ನಲ್ ಇಲ್ಲ, ಹಿಂದೆ ಮುಂದೆ ಇನ್ನೊಂದು ಗಾಡಿ ಇಲ್ಲ. ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. ಅಮ್ಮ ಬಾಗಿಲು ತೆಗೆದು ಇಳಿದು, ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಚಪ್ಪಟೆ ಕಲ್ಲು ಆರಿಸಿ ಆರಿಸಿ ತಂದು ಸಂದಿಗೆ ತುಂಬಿದಳು. "ಎತ್ತಿನಗಾಡಿ ಕೊರಕಲಿಗೆ ಬಿದ್ರೆ ಹಿಂಗೇ ಮಾಡ್ತಿದ್ವಿ. ಅಳಿಯಂದ್ರೇ, ಈಗ ಮೆಲ್ಲಗೆ ಬಿಡಿ" ಎಂದಳು. ಇವರು, "ಅತ್ತೆ, ನೀವು ಪಕ್ಕಕ್ಕೆ ನಿಂತ್ಕೊಳಿ" ಎಂದು ಎರಡು ಸಲ ಹೇಳಿದ ಮೇಲೆಯೇ ಸರಿದದ್ದು. ಗಾಡಿ ಮೇಲೆದ್ದಿತು. ಎಣ್ಣೆ ಸೋರುತ್ತಿದೆಯೇ ಎಂದು ಬಗ್ಗಿ ನೋಡಿದೆವು. ಸೋರುತ್ತಿರಲಿಲ್ಲ. ತಂದಿದ್ದ ಕಲ್ಲುಗಳನ್ನು ಅಮ್ಮ ಮತ್ತೆ ಎತ್ತಿದ ಜಾಗದಲ್ಲೇ ಇಟ್ಟು ಬಂದಳು.

ಆಮೇಲೊಂದು ತಿರುವು. ಮರಗಳು ಎದುರಿಗೇ ಇದ್ದವು.

ಸುತ್ತ ನೂರಾರು ಮೈಲಿ ಕುರುಚಲು, ಮುಳ್ಳುಹುಲ್ಲು, ಸುಟ್ಟ ಇಟ್ಟಿಗೆ ಬಣ್ಣದ ಗುಡ್ಡ. ಅದರ ನಡುವೆ ಒಂದು ಬಂಡೆಯ ಸೀಳಿನೊಳಗೆ ತಾಳೆಯ ತೋಪು! ಸಪೂರ ಕಾಂಡ, ಬೀಸಣಿಗೆಯಂಥ ಗರಿ, ಗಾಳಿಗೆ ಮಳೆ ಬಂದ ಹಾಗೆ ಸದ್ದು. "ತಾಳೆ ಮರ ಕಣವ್ವ! ತಾಟಿನಿಂಗು ಬಿಡ್ತವಾ?" ಎಂದು ಅಮ್ಮ ಮಗುವಿನ ಹಾಗೆ ಕೇಳಿದಳು. ಇದು ನಮ್ಮ ತಾಳೆಯಲ್ಲ, ದೂರದ ನೆಂಟ. ಸಸ್ಯಶಾಸ್ತ್ರದಲ್ಲಿ ಲಿವಿಸ್ಟೋನ ಮರಿಯೆ. ಎಳೆ ಸಸಿಗಳ ಗರಿ ಕೆಂಪಗಿರುವುದರಿಂದ ಇಂಗ್ಲಿಷಿನವರು ರೆಡ್ ಕ್ಯಾಬೇಜ್ ಪಾಮ್ ಎಂದು ಕರೆದರು. ಕಾಡಿನಲ್ಲಿ ಈ ಜಾತಿ ಬೆಳೆಯುವುದು ಈ ಸೀಮೆಯೊಂದರಲ್ಲೇ. ಮರಳುಗಲ್ಲು ಮಳೆನೀರನ್ನು ಹೀರಿಟ್ಟುಕೊಂಡು, ವರ್ಷಗಟ್ಟಲೆ ಸಂದುಗಳಿಂದ ಒಸರುತ್ತಾ ಬರುತ್ತದೆ. ಆ ಒಸರೇ ಇವುಗಳ ಪ್ರಾಣ. ಅಮ್ಮ ಬಂಡೆಯ ಬುಡಕ್ಕೆ ಅಂಗೈ ಒತ್ತಿ ನೋಡಿದಳು, ಒದ್ದೆಯಾಗಿತ್ತು. "ನೋಡು, ಒರತೆ" ಎಂದಳು.

ಇಷ್ಟು ಒಣ ನಾಡಿಗೆ ತಾಳೆ ಹೇಗೆ ಬಂತು? ಈ ಭೂಮಿ ಹಸಿರಾಗಿದ್ದ ಲಕ್ಷಾಂತರ ವರ್ಷಗಳ ಹಿಂದಿನ ಮಳೆಕಾಡಿನ ಪಳೆಯುಳಿಕೆ ಇವು ಎಂದು ಬಹಳ ಕಾಲ ಎಲ್ಲರೂ ನಂಬಿದ್ದರು. 2012ರಲ್ಲಿ ಜಪಾನ್ ಮತ್ತು ಆಸ್ಟ್ರೇಲಿಯಾದ ವಿಜ್ಞಾನಿಗಳು ಡಿಎನ್‌ಎ ಪರೀಕ್ಷಿಸಿದಾಗ ಲೆಕ್ಕ ತಲೆಕೆಳಗಾಯಿತು. ಉತ್ತರಕ್ಕೆ ಸುಮಾರು 1000 ಕಿ.ಮೀ. ದೂರದ ಮಟರಂಕದ ತಾಳೆಗಳಿಗೂ ಇವಕ್ಕೂ ಬಹಳ ಹತ್ತಿರದ ನಂಟು, ಎರಡೂ ಬೇರೆಯಾಗಿ ಸುಮಾರು 15 ಸಾವಿರ ವರ್ಷ ಅಷ್ಟೇ ಎಂದು ತಿಳಿಯಿತು. ಆಗ ಈ ನಾಡಿನಲ್ಲಿ ಮನುಷ್ಯರಿದ್ದರು. ಬೀಜವನ್ನು ಅವರೇ ಹೊತ್ತು ತಂದಿರಬೇಕು ಎಂಬ ಊಹೆ ಬಲವಾಯಿತು. ಆಮೇಲೆ ಇನ್ನೊಂದು ಸಂಗತಿ ಹೊರಬಿತ್ತು. 1894ರಲ್ಲಿ ಹರ್ಮನ್ಸ್‌ಬರ್ಗಿನ ಮಿಷನ್ನಿಗೆ ಬಂದ ಕಾರ್ಲ್ ಸ್ಟ್ರೆಲೋ ಎಂಬ ಜರ್ಮನ್ ಪಾದ್ರಿ ಅಲ್ಲಿಯ ಹಿರಿಯರಿಂದ ಕೇಳಿ ಬರೆದುಕೊಂಡಿದ್ದ ಕಥೆಗಳಲ್ಲಿ ಒಂದರ ಪ್ರಕಾರ, ಉತ್ತರದಿಂದ ಬಂದ ದೇವರುಗಳು ಈ ತಾಳೆಯ ಬೀಜ ತಂದರು. 2015ರಲ್ಲಿ ಟಾಸ್ಮೇನಿಯ ವಿಶ್ವವಿದ್ಯಾಲಯದ ಡೇವಿಡ್ ಬೋಮನ್ ಈ ಎರಡನ್ನೂ ಜೋಡಿಸಿ ಜಗತ್ತಿಗೆ ಹೇಳಿದರು.

ಮರದ ನೆರಳಲ್ಲಿ ಕೂತು ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲ ಕಣೇ, ಆ ಜನ ಮೊದಲೇ ಹೇಳಿದ್ರಲ್ಲ. ಬರಕಂಡೋನು ಬರಕಂಡ, ನಂಬೋರು ಮಾತ್ರ ಇರ್ಲಿಲ್ಲ" ಎಂದಳು. ನನಗೂ ಅದೇ ಅನಿಸುತ್ತದೆ, ಅನಿಸಿದಾಗಲೆಲ್ಲ ಸಿಟ್ಟೂ ಬರುತ್ತದೆ. ಸಾವಿರಾರು ವರ್ಷದ ಸಂಗತಿಯನ್ನು ಬಾಯಿಂದ ಬಾಯಿಗೆ ಕಾಪಾಡಿಕೊಂಡು ಬಂದವರ ಮಾತನ್ನು ಅಡುಗೂಲಜ್ಜಿ ಕಥೆ ಎಂದು ಬದಿಗಿಟ್ಟು, ಯಂತ್ರ ಹೇಳಿದ ಮೇಲೆ ತಲೆದೂಗಿದ್ದಾರೆ.

ಮರದ ಕೆಳಗೆ ಕಪ್ಪಗೆ ಹೊಳೆಯುವ ಗೋಲಿಯಂಥ ಹಣ್ಣುಗಳು ಉದುರಿದ್ದವು. ಅಮ್ಮ ಒಂದನ್ನು ಎತ್ತಿ ಅಂಗೈಯಲ್ಲಿ ಉರುಳಿಸಿದಳು. ಅವಳಿಗೆ ಏನು ನೆನಪಾಯಿತೆಂದು ನನಗೆ ಗೊತ್ತಿತ್ತು. ಊರಿಂದ ಬರುವಾಗ ನನ್ನ ಹಿತ್ತಲಿಗೆಂದು ಅವರೆ, ಹೀರೆ, ಸೋರೆಯ ಬೀಜ ಕಟ್ಟಿ ತಂದಿದ್ದಳು. ಎಲ್ಲ ಅವಳೇ ಬಿತ್ತಿ ಉಳಿಸಿಕೊಂಡವು. ವಿಮಾನದಲ್ಲಿ ಕೊಟ್ಟ ಚೀಟಿಯಲ್ಲಿ ಪಕ್ಕದವರ ಕೈಲಿ ನಿಜವನ್ನೇ ಬರೆಸಿದ್ದಳು. ನಿಲ್ದಾಣದಲ್ಲಿ ಅಧಿಕಾರಿ ಗೌರವದಿಂದಲೇ ಮಾತಾಡಿ, ಗಂಟನ್ನು ತೆಗೆದು ತೊಟ್ಟಿಗೆ ಹಾಕಿದರಂತೆ. ರೋಗ, ಕೀಟ, ಕಳೆ ಬರಬಾರದೆಂಬ ಕಾನೂನು. ಅದು ಇರಲೇಬೇಕಾದ ಕಾನೂನು ಎಂದು ನಾನು ಅವತ್ತೇ ಬಿಡಿಸಿ ಹೇಳಿದ್ದೆ. ಅವಳು ತಲೆಯಾಡಿಸಿದ್ದಳು. ಆದರೂ ಆ ರಾತ್ರಿ ಊಟ ಮಾಡಿರಲಿಲ್ಲ.

"ಅಷ್ಟು ದೂರ ನಡೆದು ತಂದವ್ರಲ್ಲ, ಮಡಿಲಲ್ಲಿ ತಂದ್ರೋ ಬುಟ್ಟಿಲಿ ತಂದ್ರೋ" ಎನ್ನುತ್ತಾ ಆ ಹಣ್ಣನ್ನು ಬಿದ್ದಿದ್ದ ಜಾಗದಲ್ಲೇ ಇಟ್ಟಳು. ಪಕ್ಕದ ಬಿರುಕಿನಲ್ಲಿ ಬೆರಳುದ್ದದ ಕೆಂಪು ಸಸಿ ಇತ್ತು. ಅದನ್ನು ತುಳಿಯದ ಹಾಗೆ ಸುತ್ತು ಹಾಕಿ ಬಂದಳು.

ಹಿಂದಿರುಗುವಾಗ ದಾರಿಯ ಎರಡೂ ಬದಿ ಒಣಗಿ ನಿಂತ ಬಫೆಲ್ ಹುಲ್ಲು ತೋರಿಸಿದೆ. ದನದ ಮೇವಿಗೆಂದು ಹೊರಗಿನಿಂದ ತಂದು ಬಿತ್ತಿದ್ದು, ಈಗ ನಡುನಾಡನ್ನೆಲ್ಲ ಮುಚ್ಚುತ್ತಿದೆ. ಬೆಂಕಿ ಬಿದ್ದರೆ ಇಲ್ಲಿಯ ಹುಲ್ಲಿಗಿಂತ ಜೋರಾಗಿ ಉರಿಯುತ್ತದೆ. ಈ ತಾಳೆಗಳಿಗೆ ಈಗಿನ ದೊಡ್ಡ ಭಯಗಳಲ್ಲಿ ಅದೂ ಒಂದು.

ಟಾರು ರಸ್ತೆ ಸಿಕ್ಕಾಗ ಬಿಸಿಲು ಇಳಿದಿತ್ತು. ಇವರು ಸಣ್ಣ ಕಂಪ್ರೆಸರ್ ಹಚ್ಚಿ ಚಕ್ರಗಳಿಗೆ ಮತ್ತೆ ಗಾಳಿ ತುಂಬಿಸುತ್ತಿದ್ದರು. ಅಮ್ಮ ರಸ್ತೆ ಬದಿಯ ಕಲ್ಲಿನ ಮೇಲೆ ಕೂತು, ಸೀರೆಯ ಅಂಚನ್ನು ಮಡಿಲಿಗೆಳೆದುಕೊಂಡಿದ್ದಳು. ಅಂಚಿನ ತುಂಬ ಆ ಹುಲ್ಲಿನ ನವಿರು ಬೀಜ ಅಂಟಿಕೊಂಡಿತ್ತು. ಒಂದೊಂದಾಗಿ ಕಿತ್ತು, ಖಾಲಿ ಬಿಸ್ಕತ್ತಿನ ಪೊಟ್ಟಣದೊಳಗೆ ಹಾಕಿ, ಬಾಯಿ ಮಡಿಸಿ ನನ್ನ ಕೈಗೆ ಕೊಟ್ಟಳು. "ಎಲ್ಲೂ ಚೆಲ್ಲಬೇಡ, ಮನೆಗೆ ಹೋಗಿ ಸುಡು" ಎಂದು ಇನ್ನೊಂದು ಕಾಲಿನ ಶೂ ಬಿಚ್ಚತೊಡಗಿದಳು.