ಶವರ್ಮಾ ಒಲೆಯ ಬಿಲ್ಲೆ, ಅಜ್ಜನ ಗ್ಯಾಸ್‌ಲೈಟು

ಹೋದ ಶನಿವಾರ ಸಂಜೆ ಉಪ್ಪಳದ ಒಂದು ಹೋಟೆಲಿನಿಂದ ಫೋನು. "ಭಟ್ರೇ, ಒಲೆ ಠಪ್ ಠಪ್ ಅಂತ ಹೊಡೀತಾ ಉಂಟು. ಮಾಂಸ ಒಂದು ಬದಿ ಬೇಯುವುದೇ ಇಲ್ಲ. ಒಮ್ಮೆ ಬನ್ನಿ."

ನಾನು ಗ್ಯಾಸ್ ಒಲೆ ರಿಪೇರಿ ಮಾಡುವವನು. ಮನೆ ಬದಿಯಡ್ಕದ ಹತ್ತಿರ. ಕಾಸರಗೋಡಿನಿಂದ ಮಂಜೇಶ್ವರದವರೆಗೆ ಎಷ್ಟೋ ಹೋಟೆಲುಗಳ ಅಡುಗೆಮನೆ ನನಗೆ ಗೊತ್ತು, ಅಲ್ಲಿಯ ರುಚಿ ಮಾತ್ರ ಗೊತ್ತಿಲ್ಲ. ಮೀನು ಮಾಂಸ ಮುಟ್ಟದವನ ಹೊಟ್ಟೆಪಾಡು ನಡೆಯುವುದು ಶವರ್ಮಾ ಮೆಷಿನ್ನಿನಿಂದ. ನನ್ನ ಹೆಂಡತಿಗೆ ಇದು ಇವತ್ತಿಗೂ ತಮಾಷೆ.

ಆ ಮೆಷಿನ್ನನ್ನು ನೀವು ನೋಡಿರುತ್ತೀರಿ. ಮಾಂಸ ಚುಚ್ಚಿದ ಸರಳು ನಿಂತಲ್ಲೇ ತಿರುಗುತ್ತದೆ, ಹಿಂದೆ ಕೆಂಪಗೆ ಕಾದ ಗೋಡೆ. ಆ ಗೋಡೆ ಅಂದರೆ ಸೆರಾಮಿಕ್ ಬಿಲ್ಲೆಗಳು. ಒಂದೊಂದೂ ಅಂಗೈಯಷ್ಟು. ತಣ್ಣಗಿರುವಾಗ ಕೆನೆ ಬಣ್ಣ. ಬೆಳಕಿಗೆ ಹಿಡಿದರೆ ಮೈತುಂಬ ಸೂಜಿ ತೂತು, ಜೇನುಗೂಡಿನ ಹಾಗೆ. ಗ್ಯಾಸು ಮತ್ತು ಗಾಳಿ ಬೆರೆತು ಹಿಂದಿನಿಂದ ಆ ತೂತುಗಳಲ್ಲಿ ನುಗ್ಗುತ್ತವೆ, ಮುಂದಿನ ಮುಖದಲ್ಲೇ ಉರಿಯುತ್ತವೆ. ಒಂದು ನಿಮಿಷದಲ್ಲಿ ಬಿಲ್ಲೆ ದಾಸವಾಳದ ಕೆಂಪಿಗೆ ಬರುತ್ತದೆ. ಎತ್ತರದ ಜ್ವಾಲೆ ಕಾಣುವುದೇ ಇಲ್ಲ.

ಬರೀ ಉರಿ ಸಾಕಲ್ವಾ, ಬಿಲ್ಲೆ ಯಾಕೆ ಅಂತ ಕೇಳುವವರಿದ್ದಾರೆ. ನೀಲಿ ಉರಿ ತುಂಬ ಬಿಸಿ, ನಿಜ. ಆದರೆ ಅದು ಪಕ್ಕಕ್ಕೆ ಬೀರುವ ಶಾಖ ಕಡಿಮೆ. ಅದರ ಬಿಸಿಯಲ್ಲಿ ಹೆಚ್ಚಿನದು ಬಿಸಿಗಾಳಿಯ ಜೊತೆ ಸೀದಾ ಮೇಲೆ ಹೋಗುತ್ತದೆ. ಮೇಲೆ ದೋಸೆ ಕಾವಲಿ ಇದ್ದರೆ ಸರಿ. ಶವರ್ಮಾ ಇರುವುದು ಎದುರಿಗೆ. ಬಿಲ್ಲೆ ಉರಿಯ ಬಿಸಿಯನ್ನು ತಾನು ಹೀರಿಕೊಂಡು ಎದುರಿಗೆ ಎಸೆಯುತ್ತದೆ, ಬಿಸಿಲಿನ ಹಾಗೆ. ಒಲೆಯ ಎದುರು ಕೈ ಹಿಡಿಯಿರಿ, ಸುಡುತ್ತದೆ. ನಡುವೆ ಒಂದು ತಟ್ಟೆ ಅಡ್ಡ ತನ್ನಿ, ಆ ಕ್ಷಣಕ್ಕೇ ತಣ್ಣಗೆ. ಬಿಸಿಗಾಳಿಯಾದರೆ ಹೀಗೆ ಥಟ್ಟನೆ ನಿಲ್ಲುವುದಿಲ್ಲ.

ಈ ಎಸೆತಕ್ಕೆ ಒಂದು ಲೆಕ್ಕ ಉಂಟು. 1879ರಲ್ಲಿ ಸ್ಟೆಫಾನ್ ಎಂಬವರು ಕಂಡುಕೊಂಡದ್ದು, 1884ರಲ್ಲಿ ಅವರ ಶಿಷ್ಯ ಬೋಲ್ಟ್ಸ್‌ಮನ್ ಸಾಧಿಸಿ ತೋರಿಸಿದ್ದು. ಕೆಲ್ವಿನ್‌ನಲ್ಲಿ (ನಮ್ಮ ಸೆಲ್ಸಿಯಸ್ ಡಿಗ್ರಿಗೆ 273 ಕೂಡಿಸಿದರೆ ಕೆಲ್ವಿನ್) ಉಷ್ಣತೆ ಎರಡು ಪಟ್ಟಾದರೆ ಹೊರಸೂಸುವ ಶಾಖ ಹದಿನಾರು ಪಟ್ಟು. ನಮ್ಮ ಊರಿನ 27 ಡಿಗ್ರಿ ಅಂದರೆ 300 ಕೆಲ್ವಿನ್. ಬಿಲ್ಲೆಯನ್ನು 927 ಡಿಗ್ರಿಗೆ ಕಾಯಿಸಿದರೆ 1200 ಕೆಲ್ವಿನ್, ನಾಲ್ಕು ಪಟ್ಟು. ಶಾಖ 256 ಪಟ್ಟು! ಅದೇ ಬಿಲ್ಲೆ 727 ಡಿಗ್ರಿಗೆ ಇಳಿದರೆ? ಅರ್ಧವೂ ಉಳಿಯುವುದಿಲ್ಲ. ಗ್ಯಾಸು ಹೊರಬರುವ ಸಣ್ಣ ತೂತಿನ ಜೆಟ್‌ನಲ್ಲಿ ಸ್ವಲ್ಪ ಕಸ ಕೂತು ಬಿಲ್ಲೆ ಮಂಕಾದರೆ ಮಾಂಸ ಬೇಯುವುದಿಲ್ಲ ಅಂತ ದೂರು ಬರುವುದು ಇದಕ್ಕೇ. ಕಣ್ಣಿಗೆ ಕೆಂಪು ಸ್ವಲ್ಪ ಕಡಿಮೆ ಅಷ್ಟೆ, ಒಳಗೆ ಅರ್ಧಕ್ಕರ್ಧ ಹೋಗಿರುತ್ತದೆ.

ಬಿಸಿಯೊಂದೇ ಸಾಲದು, ವಸ್ತುವಿನ ಗುಣವೂ ಬೇಕು. ಒಂದೇ ಬಿಸಿಯಲ್ಲಿ ಒಂದು ವಸ್ತು ಧಾರಾಳಿ, ಇನ್ನೊಂದು ಜಿಪುಣ. ಸಿಲಿಕಾನ್ ಕಾರ್ಬೈಡ್ ಅಂತ ಕಪ್ಪು ಸೆರಾಮಿಕ್ ಇದೆ, ಸಾಣೆಕಲ್ಲಿನಲ್ಲಿ ಬಳಸುವುದು. ಆ ಬಿಸಿಗೆ ಬೀರಲು ಸಾಧ್ಯವಿರುವ ಶಾಖದಲ್ಲಿ ನೂರಕ್ಕೆ 85-90 ಪಾಲು ಬೀರಿಯೇ ಬಿಡುತ್ತದೆ. ಹೊಳೆಯುವ ಸ್ಟೀಲು, ಅಲ್ಯೂಮಿನಿಯಂ ಶುದ್ಧ ಜಿಪುಣರು. ಹೀರುವುದರಲ್ಲಿ ಜಾಣನಾದವನು ಬೀರುವುದರಲ್ಲೂ ಜಾಣ, ಇದು ನಿಯಮ.

ಇದನ್ನು ಓದಿ ನಾನು ಒಮ್ಮೆ ದಡ್ಡತನ ಮಾಡಿದೆ. ಕಪ್ಪು ಒಳ್ಳೆಯದು ತಾನೇ? ಬೈಕ್ ಸೈಲೆನ್ಸರಿಗೆ ಹೊಡೆಯುವ ಕಪ್ಪು ಪೇಂಟನ್ನು ಬಿಲ್ಲೆಗೆ ಹೊಡೆದೆ. ಹಚ್ಚಿದ ಐದೇ ನಿಮಿಷಕ್ಕೆ ಅಂಗಡಿಯೆಲ್ಲ ಹೊಗೆ, ಕೆಟ್ಟ ನಾತ. ಆ ಪೇಂಟು ತಡೆಯುವುದು 600 ಡಿಗ್ರಿ, ಬಿಲ್ಲೆ ಹೋಗುವುದು 900. ಸಾಲದ್ದಕ್ಕೆ ತೂತುಗಳೆಲ್ಲ ಮುಚ್ಚಿ ಉರಿ ಹಳದಿಯಾಯಿತು. ನಾಲ್ಕು ಬಿಲ್ಲೆಯ ದುಡ್ಡು ನನ್ನ ಕೈಯಿಂದಲೇ ಹೋಯಿತು.

ಆಮೇಲೆ ಗೊತ್ತಾಯಿತು, ಬಿಲ್ಲೆಗೆ ಕಪ್ಪು ಕೊಡುವುದು ಆ ತೂತುಗಳೇ. ಹಗಲು ಹೊತ್ತು ದೂರದಿಂದ ಮನೆಯ ತೆರೆದ ಕಿಟಕಿ ನೋಡಿ, ಒಳಗೆ ಸುಣ್ಣ ಬಳಿದ ಗೋಡೆ ಇದ್ದರೂ ಕಪ್ಪಾಗಿ ಕಾಣುತ್ತದೆ. ಒಳಹೊಕ್ಕ ಬೆಳಕು ಅಲ್ಲಿಂದಿಲ್ಲಿಗೆ ಬಡಿದು ಹೊರಗೆ ಬರುವುದೇ ಅಪರೂಪ. ಸೂಜಿ ತೂತೂ ಹಾಗೆಯೇ. ಬೆಳ್ಳಗಿನ ಮಣ್ಣಿನ ಮೈಗಿಂತ ಅದರ ತೂತು ಜಾಸ್ತಿ ಶಾಖ ಬೀರುತ್ತದೆ.

ಇದಕ್ಕೆ ಪೂರ್ತಿ ಉಲ್ಟಾ ಒಂದು ಸೆರಾಮಿಕ್ ನಮ್ಮ ಅಟ್ಟದಲ್ಲೇ ಇತ್ತು. ಅಜ್ಜನ ಗ್ಯಾಸ್‌ಲೈಟು. ಬಯಲಾಟಕ್ಕೆ, ಮದುವೆಗೆ ಅಜ್ಜ ಬಾಡಿಗೆಗೆ ಕೊಡುತ್ತಿದ್ದರು. ಹೊಸ ಮ್ಯಾಂಟಲ್ ಕಟ್ಟುವುದೇ ನಮಗೆ ಮಕ್ಕಳಿಗೆ ಆಟದಷ್ಟು ದೊಡ್ಡ ಸಂಗತಿ. ಬಟ್ಟೆಯ ಪುಟ್ಟ ಚೀಲ, ಬೆಂಕಿ ತಾಗಿದಾಗ ಸುಟ್ಟು, ಕುಗ್ಗಿ, ಬೆಳ್ಳಗಿನ ಬಲೆಯಾಗಿ ನಿಲ್ಲುತ್ತದೆ. ಆಮೇಲೆ ಅಲ್ಲಿ ಬಟ್ಟೆಯೇ ಇಲ್ಲ. ಇರುವುದು ಥೋರಿಯಂ ಆಕ್ಸೈಡ್, ನೂರಕ್ಕೆ ಒಂದು ಪಾಲು ಸೀರಿಯಂ ಆಕ್ಸೈಡ್. ಬೆರಳು ತಾಗಿದರೆ ಪುಡಿ. ನಾನು ಒಮ್ಮೆ ತಾಗಿಸಿ ಅಜ್ಜನ ಕೈಯಿಂದ ಪೆಟ್ಟು ತಿಂದಿದ್ದೇನೆ.

ಆಸ್ಟ್ರಿಯಾದ ಔಅರ್ ವಾನ್ ವೆಲ್ಸ್‌ಬಾಕ್ 1891ರಲ್ಲಿ ಈ ಹದ ಹಿಡಿದರು. ಥೋರಿಯಂ ಆಕ್ಸೈಡ್ ಕಣ್ಣಿಗೆ ಕಾಣದ ಶಾಖವನ್ನು ಬೀರುವುದರಲ್ಲಿ ಮಹಾ ಜಿಪುಣ. ಹಾಗಾಗಿ ಉರಿಯ ಬಿಸಿಯನ್ನು ತನ್ನಲ್ಲೇ ಇಟ್ಟುಕೊಂಡು ಸಿಕ್ಕಾಪಟ್ಟೆ ಕಾಯುತ್ತದೆ. ಆಗ ಆ ಒಂದು ಪಾಲು ಸೀರಿಯಂ ಬೆಳಕು ಚೆಲ್ಲುತ್ತದೆ. ಸೀರಿಯಂ ಜಾಸ್ತಿ ಹಾಕಿದರೆ ಬೆಳಕು ಕಮ್ಮಿ! ಈ ಥೋರಿಯಂ ನಮ್ಮ ತಿರುವಾಂಕೂರಿನ ಕಡಲ ಮರಳಿನಲ್ಲೂ ಇತ್ತು. 1909ರಲ್ಲಿ ಷೋಂಬರ್ಗ್ ಎಂಬ ಜರ್ಮನಿಯವರಿಗೆ ಅದು ಸಿಕ್ಕಿದ್ದು ತೆಂಗಿನ ನಾರಿಗೆ ಅಂಟಿದ್ದ ಮರಳಿನಿಂದ ಅನ್ನುತ್ತಾರೆ.

ಉಪ್ಪಳಕ್ಕೆ ಬರೋಣ. ಮೆಷಿನ್ ಬಿಚ್ಚಿದರೆ ಮೂರನೇ ಬಿಲ್ಲೆಯಲ್ಲಿ ಕೂದಲೆಳೆಯಷ್ಟು ಬಿರುಕು. ಉರಿ ಅದರಲ್ಲಿ ಹಿಂದಕ್ಕೆ ನುಗ್ಗಿ ಠಪ್ ಅನ್ನುತ್ತಿತ್ತು. ಇದು ಕಾರ್ಡಿಯರೈಟ್ ಎಂಬ ಜಾತಿಯ ಸೆರಾಮಿಕ್. ಬಿಸಿಗೆ ಹಿಗ್ಗುವುದು ತೀರಾ ಕಡಿಮೆ, ಆದ್ದರಿಂದಲೇ ದಿನಾ ಕೆಂಪಾಗಿ ತಣ್ಣಗಾದರೂ ಒಡೆಯುವುದಿಲ್ಲ. ಹಾಗಾದರೆ ಇದು ಹೇಗೆ ಒಡೆಯಿತು? ಎಲ್ಲರೂ ಎಲ್ಲರ ಮುಖ ನೋಡಿದರು. ಕೊನೆಗೆ ಕ್ಲೀನಿಂಗ್ ಹುಡುಗ ಮಲಯಾಳದಲ್ಲಿ ಮೆಲ್ಲಗೆ ಹೇಳಿದ, ರಾತ್ರಿ ಒಲೆ ಆರಿಸಿದ ಕೂಡಲೇ ಜಿಡ್ಡು ಹೋಗಲಿ ಅಂತ ಒಂದು ಮಗ್ ನೀರು ಹೊಡೆಯುತ್ತೇನೆ ಅಂತ.

ಹೊಸ ಬಿಲ್ಲೆ ಕೂರಿಸಿ ಹಚ್ಚಿದೆ. ನಾಲ್ಕೂ ಒಂದೇ ಕೆಂಪು. ಯಜಮಾನರಿಗೆ ಖುಷಿಯಾಗಿ ಒಂದು ಪ್ಲೇಟ್ ಶವರ್ಮಾ ತರಿಸಿದರು, ಆಮೇಲೆ ನೆನಪಾಗಿ ನಾಲಿಗೆ ಕಚ್ಚಿಕೊಂಡು ಲಿಂಬೆ ಶರಬತ್ತು ಮಾಡಿಸಿದರು. ಕುಡಿದು ಗ್ಲಾಸ್ ಇಟ್ಟು ತಿರುಗಿ ನೋಡುತ್ತೇನೆ, ಆ ಹುಡುಗ ಒದ್ದೆ ಬಟ್ಟೆ ಹಿಡಿದು ಒಲೆಯ ಎದುರು ನಿಂತಿದ್ದಾನೆ.